ಗೀಸರ್ ಹಾಕಿದರೆ ಟ್ರಿಪ್, ನಲ್ಲಿ ಮುಟ್ಟಿದರೆ ಜುಮ್, ರಿಪೇರಿಗೆ ಯಾರೂ ಇಲ್ಲ: ಮಡಿಕೇರಿಯ ಹಳೇ ಮನೆಯಿಂದ ಬಂದ ಪ್ರಶ್ನೆ

ಪ್ರಶ್ನೆ: ನಮ್ಮದು ಮಡಿಕೇರಿಯ ಮಹದೇವಪೇಟೆ ಕಡೆ ಹಳೇ ಹಂಚಿನ ಮನೆ. ಮಾವನವರ ತಂದೆ ಕಟ್ಟಿಸಿದ್ದು. ಬಚ್ಚಲಲ್ಲಿ 25 ಲೀಟರಿನ ಗೀಸರ್ ಇದೆ, ಒಂಬತ್ತು ವರ್ಷ ಆಯಿತು. ಜೂನ್‌ನಲ್ಲಿ ಮಳೆ ಹಿಡಿದಾಗಿನಿಂದ ಗೀಸರ್ ಹಾಕಿದ ಸ್ವಲ್ಪ ಹೊತ್ತಿಗೆ ಮನೆಯಿಡೀ ಕರೆಂಟ್ ಹೋಗುತ್ತಿತ್ತು. ಒಬ್ಬರು ಬಂದು ಕಾಯಿಲ್ ಬದಲಿಸಿದರು. ಎರಡು ದಿನ ಸರಿಯಿತ್ತು, ಮತ್ತೆ ಅದೇ ಕಥೆ. ಇನ್ನೊಂದು ಕಾಯಿಲ್ ಹಾಕಿದರು, ಅದೂ ಹಾಗೇ. ಆಮೇಲೆ ಬಂದ ಇನ್ನೊಬ್ಬರು 'ನಿಮ್ಮ ಟ್ರಿಪ್ ಸ್ವಿಚ್ಚೇ ಹಾಳು' ಅಂತ ಅದನ್ನು ಬಿಟ್ಟು ನೇರ ಲೈನ್ ಕೊಟ್ಟು ಹೋದರು. ಈಗ ಕರೆಂಟ್ ಹೋಗುವುದಿಲ್ಲ, ಆದರೆ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ. ಮೂರನೆಯವರು ಮನೆಯಿಡೀ ವೈರಿಂಗ್ ಬದಲಿಸಬೇಕು ಅನ್ನುತ್ತಾರೆ. ಕಂಪನಿಗೆ ಫೋನ್ ಮಾಡಿದರೆ ಮೈಸೂರಿಂದ ಜನ ಬರಬೇಕು, ಮಳೆ ಕಡಿಮೆಯಾಗಲಿ ಎಂಬ ಉತ್ತರ. ಮೇಲಿರುವ 200 ಲೀಟರಿನ ಸೋಲಾರ್ ತಣ್ಣೀರು ಕೊಡುತ್ತಿದೆ. ನಾದಿನಿಯ ಗಂಡ ಬಚ್ಚಲಿಗೆ ಗ್ಯಾಸ್ ಗೀಸರ್ ಹಾಕಿಸಿ ಅಂತಾರೆ. ಅತ್ತೆಗೆ 76 ವರ್ಷ, ಚಳಿ ತಡೆಯಲ್ಲ. ರಾತ್ರಿ ಕೋಣೆಯಲ್ಲಿ ಬಾಣಲೆಗೆ ಕೆಂಡ ಹಾಕಿಟ್ಟುಕೊಂಡು ಬಾಗಿಲು ಹಾಕಿ ಮಲಗುತ್ತಾರೆ. ರೂಮ್ ಹೀಟರ್ ತಂದೆವು, ಎಕ್ಸ್‌ಟೆನ್ಷನ್ ಬಾಕ್ಸ್ ಕರಗಿ ಹೋಯಿತು. ಹೋದ ವರ್ಷ ಬಚ್ಚಲಿಗೆ ಟೈಲ್ಸ್ ಹಾಕಿಸಿ, ಹಳೇ ಕಬ್ಬಿಣದ ಪೈಪ್ ತೆಗೆಸಿ ಪ್ಲಾಸ್ಟಿಕ್ ಪೈಪ್ ಹಾಕಿಸಿದ್ದು ಬಿಟ್ಟರೆ ಮನೆಗೆ ಬೇರೆ ಕೆಲಸ ಮಾಡಿಸಿಲ್ಲ. ಯಾರ ಮಾತು ನಂಬೋದು?

ಉತ್ತರ: ನೀವು ಗೀಸರ್ ಬಗ್ಗೆ ಕೇಳಿದ್ದೀರಿ. ನಾನು ಕೆಂಡದಿಂದ ಶುರು ಮಾಡುತ್ತೇನೆ. ನಿಮ್ಮ ಪತ್ರದಲ್ಲಿ ಎರಡು ವಿಷಯ ಇವತ್ತು ರಾತ್ರಿಯೇ ನಿಲ್ಲಬೇಕಾದವು. ಒಂದು ಅತ್ತೆಯವರ ಕೋಣೆಯ ಬಾಣಲೆ. ಇನ್ನೊಂದು ಟ್ರಿಪ್ ಸ್ವಿಚ್ ಇಲ್ಲದೆ ಓಡುತ್ತಿರುವ ಆ ಗೀಸರ್. ಮಿಕ್ಕಿದ್ದೆಲ್ಲ ವಾರ ಕಾಯಬಹುದು, ಕೆಲವು ನಮ್ಮ ಸುಗ್ಗಿ ಹಬ್ಬ ಹುತ್ತರಿವರೆಗೂ ಕಾಯಬಹುದು.

ಕೆಂಡದ ವಿಷಯ ಎತ್ತಿದರೆ ಎಲ್ಲ ಮನೆಯಲ್ಲೂ ಎರಡು ಮಾತು ಕೇಳುತ್ತೇನೆ. 'ಹೊಗೆ ಬರಲ್ಲ, ಬರೀ ಕೆಂಡ.' ಇನ್ನೊಂದು, 'ನಮ್ಮ ಅಜ್ಜಿ ಕಾಲದಿಂದ ಇಡ್ತಾ ಇದ್ದೇವೆ, ಏನೂ ಆಗಿಲ್ಲ.' ಮೊದಲನೆಯದಕ್ಕೆ ಉತ್ತರ: ಹೊಗೆ ಇಲ್ಲದಿರುವುದೇ ತೊಂದರೆ. ಹೊಗೆ ಇದ್ದರೆ ಕೆಮ್ಮು ಬರುತ್ತದೆ, ಕಣ್ಣು ಉರಿಯುತ್ತದೆ, ಎದ್ದು ಕಿಟಕಿ ತೆಗೆಯುತ್ತೀರಿ. ನಿಗಿನಿಗಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗಕ್ಕೆ ಅದು 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಹೊಟ್ಟೆ ತೊಳಸು, ತಲೆಸುತ್ತು, ಆಮೇಲೆ ನಿದ್ದೆ. ವಯಸ್ಸಾದವರಲ್ಲಿ ಇದನ್ನು ಬಿಪಿ ಅಂತಲೋ ಪಿತ್ತ ಅಂತಲೋ ಅಂದುಕೊಂಡು ಬಿಡುತ್ತಾರೆ.

ಎರಡನೆಯ ಮಾತಿಗೆ ಉತ್ತರ ನಿಮ್ಮ ಮನೆಯಲ್ಲೇ ಇದೆ. ಅಜ್ಜಿಯ ಕಾಲದಲ್ಲಿ ಹಂಚಿನ ಸಂದಿಯಿಂದ ಗಾಳಿ ಆಡುತ್ತಿತ್ತು. ಮರದ ಕಿಟಕಿ ಪೂರ್ತಿ ಮುಚ್ಚುತ್ತಲೇ ಇರಲಿಲ್ಲ. ಗೋಡೆಯ ಮೇಲ್ಭಾಗಕ್ಕೂ ಹಂಚು ಹೊರುವ ಮರದ ಪಕ್ಕಾಸಿಗೂ ನಡುವೆ ಕೈ ತೂರುವಷ್ಟು ಜಾಗ ಇರುತ್ತಿತ್ತು. ಈಗ? ಕೆಳಗೆ ಪ್ಲೈವುಡ್ಡೋ ಪಿವಿಸಿಯೋ ಸೀಲಿಂಗ್, ಅಲ್ಯೂಮಿನಿಯಂ ಕಿಟಕಿ, ಕಕ್ಕಡ ತಿಂಗಳ ಜೋರು ಮಳೆಗೆ ಅದರ ಮೇಲೊಂದು ಪ್ಲಾಸ್ಟಿಕ್ ಶೀಟು. ಬಾಣಲೆ ಅದೇ, ಕೋಣೆ ಮಾತ್ರ ಅದಲ್ಲ.

ಅತ್ತೆಯವರಿಗೆ ಬೆಳಿಗ್ಗೆ ಎದ್ದಾಗ ತಲೆ ಭಾರ, ಹೊರಗೆ ಬಂದು ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ ಅಂತಿದ್ದರೆ ಅದನ್ನು ಸುಮ್ನೆ ಬಿಡಬೇಡಿ. ಆಸ್ಪತ್ರೆಗೆ ಹೋದರೆ 'ಕೋಣೆಯಲ್ಲಿ ಕೆಂಡ ಇಟ್ಟಿದ್ದೆವು' ಅಂತ ಬಾಯಿಬಿಟ್ಟು ಹೇಳಿ. ಯಾಕೆಂದರೆ ಬೆರಳಿಗೆ ಹಾಕುವ ಆಕ್ಸಿಮೀಟರಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ರಕ್ತದಲ್ಲಿ ವಿಷಗಾಳಿ ತುಂಬಿದ್ದರೂ ಅದು 98 ತೋರಿಸಬಲ್ಲದು. ಕೋವಿಡ್ ಆದ ಮೇಲೆ ಎಲ್ಲರ ಮನೆಯಲ್ಲೂ ಅದೊಂದು ಇದೆ, ಎಲ್ಲರೂ ಅದನ್ನೇ ನಂಬುತ್ತಾರೆ. ಅದಕ್ಕೇ ಹೇಳಿದೆ.

ಈಗ ಗೀಸರಿಗೆ ಬರೋಣ.

ನಿಮ್ಮ ಟ್ರಿಪ್ ಸ್ವಿಚ್ ಹಾಳಾಗಿರಲಿಲ್ಲ ಅನ್ನುವುದು ನನ್ನ ಅಂದಾಜು. ಅದು ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಇಎಲ್‌ಸಿಬಿ ಅಂತ ಜನ ಕರೆಯುವ ಆ ಪೆಟ್ಟಿಗೆಯ ಜಾಗದಲ್ಲಿ ಈಗ ಬರುವುದು ಆರ್‌ಸಿಸಿಬಿ. ಫೇಸಿನಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ನೋಡುವುದಷ್ಟೇ ಅದರ ಕೆಲಸ. ಮನೆಗಳಿಗೆ ಹಾಕುವುದು 30 ಮಿಲಿ ಆಂಪಿಯರಿನದು. ಅಷ್ಟು ಕರೆಂಟ್ ಬೇರೆಲ್ಲೋ ಸೋರಿತು ಅಂದರೆ ಲೈನ್ ಕಟ್ ಮಾಡುತ್ತದೆ. ರಾತ್ರಿ ಬೊಗಳುತ್ತದೆ ಅಂತ ನಾಯಿಯನ್ನು ಓಡಿಸಿದರೆ ಮನೆಗೆ ನುಗ್ಗಿದವನು ಹೋಗಲ್ಲ ಅಲ್ವಾ? ನಿಮ್ಮಲ್ಲಿ ಆಗಿರುವುದು ಅದೇ. ಸೋರಿಕೆ ಅಲ್ಲೇ ಇದೆ, ಹೇಳುವವರು ಇಲ್ಲ, ನಿಮ್ಮ ಬೆರಳಿಗೆ ಜುಮ್ ಅಂತಿದೆ.

ಜುಮ್ ಅನ್ನುವುದು ಎಷ್ಟು ಗಂಭೀರ ಅಂತ ಒಂದು ಲೆಕ್ಕ ಹೇಳುತ್ತೇನೆ. ಹಳೇ ಮನೆಯ ಅರ್ಥಿಂಗ್ ತುಕ್ಕು ಹಿಡಿದು ಅದರ ರೆಸಿಸ್ಟೆನ್ಸ್ 500 ಓಮ್ ಆಗಿದೆ ಅಂದುಕೊಳ್ಳಿ. ಗೀಸರ್ ಒಳಗೆ 100 ಮಿಲಿ ಆಂಪಿಯರ್ ಸೋರುತ್ತಿದೆ. ಆಗ ಗೀಸರಿನ ಬಾಡಿ ಮೇಲೆ 50 ವೋಲ್ಟ್ ನಿಂತಿರುತ್ತದೆ. ಒಣ ಕೈಗೆ, ಚಪ್ಪಲಿ ಕಾಲಿಗೆ ಅದು ಬರೀ ಜುಮ್. ಮೈಗೆ ಸೋಪು ಹಚ್ಚಿಕೊಂಡು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತವರಿಗೆ ಅದು ಬೇರೆಯೇ ಮಾತು. ಸೋರಿಕೆ ನಾಳೆ 100ರಿಂದ 300ಕ್ಕೆ ಹೋದರೆ ತಡೆಯಲು ಈಗ ಮನೆಯಲ್ಲಿ ಏನೂ ಇಲ್ಲ. ಟೆಸ್ಟರ್ ಹಿಡಿದು 'ಸ್ವಲ್ಪ ಮಾತ್ರ ಹೊಳೀತಿದೆ, ಪರವಾಗಿಲ್ಲ' ಅನ್ನುವವರ ಮಾತು ಕೇಳಬೇಡಿ. ಟೆಸ್ಟರಿನ ಬೆಳಕು ನೋಡಿ ವೋಲ್ಟ್ ಎಷ್ಟು ಅಂತ ಯಾರೂ ಹೇಳಲಾರರು. ಮೀಟರ್ ಇಟ್ಟು ಅಳೆಯಬೇಕು.

ಹಾಗಾದರೆ ಇಷ್ಟು ವರ್ಷ ಇಲ್ಲದ ಜುಮ್ ಈಗ ಯಾಕೆ? ನಿಮ್ಮ ಪತ್ರದ ಕೊನೆಯಲ್ಲಿ ಬೇರೆ ಕೆಲಸ ಮಾಡಿಸಿಲ್ಲ ಅನ್ನುವಾಗ ಬಂದ ಪೈಪಿನ ಮಾತು ನನಗೆ ಮುಖ್ಯವಾಗಿ ಕಂಡಿತು. ಹಳೇ ಮನೆಗಳ ಕಬ್ಬಿಣದ ಪೈಪು ಬಚ್ಚಲಿಂದ ಹೊರಟು ಮಣ್ಣಿನೊಳಗೇ ಹೋಗಿರುತ್ತಿತ್ತು. ಯಾರೂ ಹಾಗಂತ ಹಾಕಿದ್ದಲ್ಲ, ಆದರೂ ಅದು ಅರ್ಥಿಂಗಿನ ಕೆಲಸ ಮಾಡಿಕೊಂಡಿತ್ತು. ಸಣ್ಣಪುಟ್ಟ ಸೋರಿಕೆ ಅದರಲ್ಲೇ ಇಳಿದು ಹೋಗುತ್ತಿತ್ತು. ಪ್ಲಾಸ್ಟಿಕ್ ಪೈಪ್ ಬಂದ ದಿನ ಆ ದಾರಿ ಮುಚ್ಚಿತು. ಈಗ ಉಳಿದಿರುವುದು ನಿಜವಾದ ಅರ್ಥಿಂಗ್ ವೈರ್ ಒಂದೇ. ಅದು ಯಾವ ಕಾಲದ್ದೋ, ಎಲ್ಲಿ ತುಂಡಾಗಿದೆಯೋ. ಪ್ಲಂಬರ್ ತಪ್ಪು ಮಾಡಿದ ಅಂತಲ್ಲ. ಪ್ಲಾಸ್ಟಿಕ್ ಪೈಪ್ ಒಳ್ಳೆಯದೇ. ಪೈಪ್ ಬದಲಿಸಿದಾಗ ಅರ್ಥಿಂಗ್ ನೋಡಿಸಬೇಕು ಅಂತ ಪ್ಲಂಬರಿಗೂ ಹೊಳೆಯುವುದಿಲ್ಲ, ಎಲೆಕ್ಟ್ರಿಷಿಯನ್ನನ್ನು ಯಾರೂ ಕರೆಯುವುದೂ ಇಲ್ಲ.

ಎರಡು ಕಾಯಿಲ್ ಬದಲಿಸಿದರೂ ಯಾಕೆ ಸರಿಹೋಗಲಿಲ್ಲ ಅನ್ನುವುದಕ್ಕೆ ಎರಡು ಕಾರಣ ಇರಬಹುದು. ಕಾಯಿಲ್ ಅಂದರೆ ಒಳಗೊಂದು ತಂತಿ, ಸುತ್ತ ಬಿಳಿ ಪುಡಿ, ಹೊರಗೆ ಲೋಹದ ಕೊಳವೆ. ಆ ಪುಡಿ ತೇವ ಎಳೆದುಕೊಳ್ಳುತ್ತದೆ. ನಮ್ಮೂರಿನ ಅಂಗಡಿ ಕಪಾಟಿನಲ್ಲಿ ಒಂದು ಮಳೆಗಾಲ ಕೂತ ಹೊಸ ಕಾಯಿಲ್ ಕೂಡ ಮೊದಲ ದಿನವೇ ಸೋರಬಹುದು. ಹಾಕುವ ಮುಂಚೆ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಇಟ್ಟು ನೋಡಿದರೆ ಗೊತ್ತಾಗುತ್ತಿತ್ತು. ಇನ್ನೊಂದು ಕಾರಣ, ಸೋರಿಕೆ ಕಾಯಿಲಿನಲ್ಲಿ ಇಲ್ಲವೇ ಇಲ್ಲ. ಟ್ರಿಪ್ ಸ್ವಿಚ್ ಮನೆಯಿಡೀ ಲೆಕ್ಕ ಹಿಡಿಯುತ್ತದೆ. ಹೊರಗಿನ ಜಗಲಿ ಲೈಟಿಗೆ ಇರಚಲು ಹೊಡೆದು ಒಂದಿಷ್ಟು, ಹಳೇ ಫ್ರಿಜ್ಜಿನಿಂದ ಒಂದಿಷ್ಟು, ಒದ್ದೆ ಗೋಡೆಯೊಳಗಿನ ಜಾಯಿಂಟಿನಿಂದ ಒಂದಿಷ್ಟು. ಇವೆಲ್ಲ ಸೇರಿ ಮೊದಲೇ 20 ಮಿಲಿ ಆಂಪಿಯರ್ ಆಗಿದ್ದರೆ ಗೀಸರ್ ಬರೀ 10 ಸೇರಿಸಿದರೂ ಸಾಕು. ಬೈಗುಳ ಗೀಸರಿಗೆ.

ಇದನ್ನು ನೀವೇ ಒಂದಿಷ್ಟು ಗುರುತಿಸಬಹುದು, ಯಾವುದನ್ನೂ ಬಿಚ್ಚದೆ. ಆದರೆ ಟ್ರಿಪ್ ಸ್ವಿಚ್ ಮತ್ತೆ ಲೈನಿಗೆ ಬಂದ ಮೇಲೆ ಮಾತ್ರ. ಗೀಸರ್ ಸ್ವಿಚ್ ಹಾಕಿದ ಕ್ಷಣವೇ ಬಿದ್ದರೆ ಕಾಯಿಲ್ ಪೂರ್ತಿ ಬಾಡಿಗೆ ಮುಟ್ಟಿದೆ ಅಂತ ಅರ್ಥ. ಐದು ಹತ್ತು ನಿಮಿಷ ಬಿಸಿಯಾದ ಮೇಲೆ ಬಿದ್ದರೆ ಕೊಳವೆಯಲ್ಲಿ ಕೂದಲಿನಷ್ಟು ಬಿರುಕು, ಬಿಸಿಗೆ ಬಾಯಿ ಬಿಡುತ್ತಿದೆ. ಇಲ್ಲವೇ ಟರ್ಮಿನಲ್ ಮೇಲೆ ನೀರು ತೊಟ್ಟಿಕ್ಕುತ್ತಿದೆ. ನಿಮ್ಮದು ಈ ಜಾತಿ ಅನ್ನಿಸುತ್ತದೆ. ಗೀಸರಿನ ಪ್ಲಗ್ ಕಿತ್ತಿಟ್ಟರೂ ಜೋರು ಮಳೆಯಲ್ಲಿ ಬಿದ್ದರೆ ತೊಂದರೆ ವೈರಿಂಗಿನಲ್ಲಿದೆ. ಪ್ಲಗ್ ಕಿತ್ತು ನೋಡಬೇಕು, ಸ್ವಿಚ್ ಆಫ್ ಮಾಡಿದರೆ ಸಾಲದು. ಸಾಮಾನ್ಯ ಸ್ವಿಚ್ಚೂ ಒಂಟಿ ಎಂಸಿಬಿಯೂ (ಲೋಡ್ ಜಾಸ್ತಿಯಾದರೆ ಬೀಳುವ ಸ್ವಿಚ್) ಫೇಸ್ ಮಾತ್ರ ಕತ್ತರಿಸುತ್ತವೆ. ನ್ಯೂಟ್ರಲ್ ಅರ್ಥಿಗೆ ತಾಗಿದ್ದರೆ ಎಲ್ಲ ಎಂಸಿಬಿ ಇಳಿಸಿದರೂ ಟ್ರಿಪ್ ಆಗುತ್ತಲೇ ಇರಬಹುದು. ಎಷ್ಟೋ ಜನ ಎಲೆಕ್ಟ್ರಿಷಿಯನ್‌ಗಳು ಇಲ್ಲಿ ಸುಸ್ತಾಗಿಯೇ 'ಸ್ವಿಚ್ ಹಾಳು' ಅನ್ನುವುದು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇಂಟರ್‌ನೆಟ್ ನೋಡಿ ಗೀಸರಿಗೆ ಆಸಿಡ್ ಹಾಕಿ ಸುಣ್ಣದ ಪದರ ತೆಗೆಸಲು ಹೋಗಬೇಡಿ. ಅದು ಬೆಂಗಳೂರು ಕಡೆಯ ಬೋರ್‌ವೆಲ್ ಗಡಸು ನೀರಿಗೆ ಸರಿ. ಕೂಟುಹೊಳೆಯಿಂದ ಬರುವ ನೀರು ಮೆದು. ಕಾಯಿಲ್ ಮೇಲೆ ಸುಣ್ಣ ಕಟ್ಟುವುದು ಇಲ್ಲಿ ಅಪರೂಪ. ಮೆದು ನೀರಿನ ಚಟವೇ ಬೇರೆ. ಅದು ಲೋಹವನ್ನು ತಿನ್ನುತ್ತದೆ. ಟ್ಯಾಂಕಿನ ಒಳಗೆ ಮೆಗ್ನೀಷಿಯಂ ಕಡ್ಡಿಯೊಂದಿರುತ್ತದೆ, ಆನೋಡ್ ರಾಡ್ ಅಂತಾರೆ. ಟ್ಯಾಂಕಿನ ಬದಲು ತಾನು ಸವೆಯಲೆಂದೇ ಅದನ್ನು ಇಟ್ಟಿರುವುದು. ಅದು ಕರಗಿ ಮುಗಿದರೆ ನೀರು ಟ್ಯಾಂಕಿಗೆ ಬಾಯಿ ಹಾಕುತ್ತದೆ. ಎರಡು ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು. ಒಂಬತ್ತು ವರ್ಷದಲ್ಲಿ ನಿಮ್ಮದನ್ನು ಯಾರೂ ನೋಡಿರಲಿಕ್ಕಿಲ್ಲ. ಕಾಯಿಲ್ ಬದಲಿಸಲು ಬಂದವರಿಗೆ ಎರಡು ಸಲ ಟ್ಯಾಂಕಿನ ಬಾಯಿ ತೆರೆದಿತ್ತು. ಆಗ ಕಡ್ಡಿ ಉಳಿದಿತ್ತಾ, ಬರೀ ತಂತಿ ಇತ್ತಾ ಅಂತ ಅವರನ್ನು ಕೇಳಿ. ಬರೀ ತಂತಿ ಅಂದರೆ ಈ ಗೀಸರಿಗೆ ಇನ್ನು ದುಡ್ಡು ಸುರಿಯಬೇಡಿ.

ಲೋ ವೋಲ್ಟೇಜಿಗೆ ಕಾಯಿಲ್ ಸುಡುತ್ತದೆ, ಸ್ಟೆಬಿಲೈಸರ್ ಹಾಕಿ ಅನ್ನುವ ಸಲಹೆಯೂ ಬಂದಿರಬಹುದು. ಬೇಡ. ಫ್ರಿಜ್, ಮೋಟಾರಿಗೆ ಲೋ ವೋಲ್ಟೇಜ್ ಕೆಟ್ಟದ್ದು. ಗೀಸರಿಗೆ ಅಲ್ಲ. 230 ವೋಲ್ಟಿನಲ್ಲಿ 2000 ವಾಟ್ ಇರುವ ಕಾಯಿಲ್ 180 ವೋಲ್ಟಿಗೆ 1200 ವಾಟಿನ ಆಸುಪಾಸಿಗೆ ಇಳಿಯುತ್ತದೆ, ಅಷ್ಟೇ. ಅರ್ಧ ಗಂಟೆಯಲ್ಲಿ ಕಾಯುವ ನೀರಿಗೆ ಮುಕ್ಕಾಲು ಗಂಟೆ ಮೇಲೆ ಬೇಕು. ಹೆದರಬೇಕಾದದ್ದು ಹೈ ವೋಲ್ಟೇಜಿಗೆ. ಗಾಳಿಮಳೆಗೆ ಕೊಂಬೆ ಬಿದ್ದು ಕಂಬದ ಮೇಲೆ ನ್ಯೂಟ್ರಲ್ ತುಂಡಾದರೆ ಮನೆಯೊಳಗೆ 400 ವೋಲ್ಟಿನ ಹತ್ತಿರ ನುಗ್ಗಬಹುದು. ಬಲ್ಬು ಇದ್ದಕ್ಕಿದ್ದಂತೆ ಪ್ರಖರವಾಗಿ ಉರಿಯಿತು, ಫ್ಯಾನ್ ಶಬ್ದ ಬದಲಾಯಿತು ಅಂದರೆ ಯೋಚನೆ ಮಾಡುತ್ತಾ ನಿಲ್ಲಬೇಡಿ. ಮೇನ್ ಇಳಿಸಿ, ಚೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಇನ್ನು ಏನೇನು ದಾರಿ ಇದೆ ನೋಡೋಣ.

ನಾದಿನಿಯ ಗಂಡ ಹೇಳಿದ ಗ್ಯಾಸ್ ಗೀಸರ್ ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಕರೆಂಟ್ ಇಲ್ಲದಿದ್ದರೂ ಅದು ಓಡುತ್ತದೆ, ಹೊತ್ತಿಸಲು ಎರಡು ಬ್ಯಾಟರಿ ಸಾಕು. ವಾರಗಟ್ಟಲೆ ಕರೆಂಟ್ ಹೋಗುವ ಊರಲ್ಲಿ ಅದು ದೊಡ್ಡ ಅನುಕೂಲವೇ. ಆದರೆ ಬಚ್ಚಲೊಳಗೆ ಬೇಡವೇ ಬೇಡ. ಕೆಂಡದ ಬಗ್ಗೆ ಹೇಳಿದ್ದೆಲ್ಲ ಇದಕ್ಕೂ ಸೇರುತ್ತದೆ, ಜಾಗ ಇನ್ನೂ ಚಿಕ್ಕದು, ಬಾಗಿಲು ಚಿಲಕ ಹಾಕಿರುತ್ತದೆ. ಕರ್ನಾಟಕದಲ್ಲಿ ಬಚ್ಚಲೊಳಗಿನ ಗ್ಯಾಸ್ ಗೀಸರಿನಿಂದ ಜನ ಸತ್ತ ಸುದ್ದಿ ಪೇಪರಿನಲ್ಲಿ ಓದಿಯೇ ಇರುತ್ತೀರಿ. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಕು ಅನ್ನುತ್ತಾರೆ. ಒಳಗೆ ಗಾಳಿ ಬರುವ ದಾರಿಯೇ ಇಲ್ಲದೆ ಫ್ಯಾನ್ ಹಾಕಿದರೆ ಅದು ಸುಟ್ಟ ಗಾಳಿಯನ್ನೇ ತಿರುಗಿ ಎಳೆಯಬಹುದು. ಹಾಕುವುದಾದರೆ ಹೊರಗೆ, ಹಿಂದಿನ ಜಗಲಿಯ ಗೋಡೆಗೆ, ಇರಚಲು ಹೊಡೆಯದ ಕಡೆ ಹಾಕಿ ಬಿಸಿನೀರಿನ ಪೈಪ್ ಮಾತ್ರ ಒಳಗೆ ತನ್ನಿ. ಇನ್ನೊಂದು ತೊಡಕಿದೆ. ಅದು ಹೊತ್ತಿಕೊಳ್ಳಲು ನೀರಿಗೆ ಇಷ್ಟು ಒತ್ತಡ ಅಂತ ಬೇಕು. ಹಳೇ ಮನೆಯ ಟ್ಯಾಂಕು ಬಚ್ಚಲಿಗಿಂತ ಒಂದಾಳು ಎತ್ತರದಲ್ಲಿ ಇದ್ದರೆ ಹೆಚ್ಚು. ತಂದು ಹಾಕಿದ ಮೇಲೆ ಹೊತ್ತಿಕೊಳ್ಳುವುದಿಲ್ಲ ಅಂತ ಪಂಪ್ ಹಾಕಿಸಿದವರಿದ್ದಾರೆ. ಆಗ ಕರೆಂಟ್ ಬೇಡದ ಗೀಸರಿಗೆ ಕರೆಂಟ್ ಬೇಕಾಯಿತು.

ಸೋಲಾರನ್ನು ಈಗ ಬೈಯಬೇಡಿ. ಜುಲೈಯಲ್ಲಿ ಮಡಿಕೇರಿಯ ಮೇಲೆ ಸೂರ್ಯನೇ ಇಲ್ಲ, ಅದೇನು ಮಾಡುತ್ತದೆ? ಕುಶಾಲನಗರದಲ್ಲಿ ಇದೇ ಪೆಟ್ಟಿಗೆ ಚೆನ್ನಾಗಿಯೇ ಓಡುತ್ತಿರುತ್ತದೆ. ಮಳೆ ನಿಂತ ಮೇಲೂ ಕಾಯದಿದ್ದರೆ ಗಾಜಿನ ಟ್ಯೂಬಿನ ಮುಚ್ಚಿದ ತುದಿ ನೋಡಿ. ಅಲ್ಲಿ ಕನ್ನಡಿಯಂತೆ ಬೆಳ್ಳಿ ಬಣ್ಣ ಇರಬೇಕು. ಹಾಲಿನಂತೆ ಬೆಳ್ಳಗಾಗಿದ್ದರೆ ಆ ಟ್ಯೂಬಿನ ಒಳಗಿನ ನಿರ್ವಾತ ಹೋಗಿದೆ, ಅದೊಂದನ್ನು ಬದಲಿಸಿದರೆ ಸಾಕು. ಈಗ ಮಾತ್ರ ಸೋಲಾರ್ ಟ್ಯಾಂಕಿನ ಬ್ಯಾಕಪ್ ಕಾಯಿಲ್ ಹಾಕಲು ಹೋಗಬೇಡಿ. 200 ಲೀಟರ್ ನೀರನ್ನು 30 ಡಿಗ್ರಿ ಏರಿಸಲು 7 ಯೂನಿಟ್ ಬೇಕು. ನಿಮ್ಮ 25 ಲೀಟರಿನ ಗೀಸರ್ ತುಂಬ ಕಾಯಲು ಸುಮಾರು 1 ಯೂನಿಟ್. ಎರಡು ಬಕೆಟ್ ನೀರಿಗೋಸ್ಕರ ಕೆರೆ ಕಾಯಿಸುವುದು ಯಾಕೆ? ಮತ್ತೆ, ಅದನ್ನು ಮಾಡಿನ ಪಕ್ಕಾಸಿನ ಮೇಲೆ ನಿಲ್ಲಿಸಿದ್ದರೆ ಮಳೆ ಬಿಟ್ಟಾಗ ಒಬ್ಬ ಆಚಾರಿಯನ್ನು ಹತ್ತಿಸಿ ನೋಡಿಸಿ. ನೀರೇ 200 ಕಿಲೋ. ನೂರು ಮಳೆಗಾಲ ಕಂಡ ಮರಕ್ಕೆ ಅದು ಲೆಕ್ಕದಲ್ಲಿಲ್ಲದ ಭಾರ.

ಹಿಂದೆ ಬಚ್ಚಲಿಗೆ ತಾಗಿ ಸೌದೆ ಒಲೆ, ತಾಮ್ರದ ಹಂಡೆ ಇದ್ದಿದ್ದರೆ, ಇನ್ನೂ ಗುಜರಿಗೆ ಕೊಟ್ಟಿಲ್ಲದಿದ್ದರೆ, ಕೊಡಬೇಡಿ. ಒಲೆಯ ಬಾಯಿ ಹೊರಗಿದ್ದು ಹೊಗೆ ಕೊಳವೆ ಮಾಡಿಗಿಂತ ಮೇಲೆ ಹೋಗಿದ್ದರೆ ಈ ಎರಡು ವಾರಕ್ಕೆ ಅದರಷ್ಟು ನಂಬಿಕೆಯದ್ದು ಬೇರೆ ಇಲ್ಲ. ಕೊಳವೆಯಲ್ಲಿ ಮಸಿಯೋ ಹಕ್ಕಿ ಗೂಡೋ ಇದೆಯಾ ನೋಡಿ, ಹಂಡೆ ತುಂಬಿಸಿಯೇ ಬೆಂಕಿ ಹಾಕಿ. ಅದಿಲ್ಲವಾದರೆ ಅಡುಗೆ ಗ್ಯಾಸಿನಲ್ಲಿ ದೊಡ್ಡ ಪಾತ್ರೆಯಲ್ಲಿ ಕಾಯಿಸಿಕೊಳ್ಳಿ. ಬಕೆಟ್ಟಿಗೆ ಹಾಕುವ ರಾಡ್ ಮಾತ್ರ ಟ್ರಿಪ್ ಸ್ವಿಚ್ ಇಲ್ಲದ ಮನೆಯಲ್ಲಿ ಮುಟ್ಟಲೇಬೇಡಿ. ಅದು ಈ ಗೀಸರಿಗಿಂತ ಅಪಾಯ.

ನನ್ನ ಸಲಹೆ ಏನು ಅಂದರೆ, ಮನೆಯಿಡೀ ವೈರಿಂಗ್ ಅನ್ನುವ ಮೂರನೆಯವರ ಮಾತು ಸುಳ್ಳಲ್ಲ, ಆದರೆ ಸಮಯ ಅಲ್ಲ. ಒದ್ದೆ ಗೋಡೆ ಕೊರೆದು ಹೊಸ ಪೈಪ್ ಹೂತರೆ ಮುಂದಿನ ವರ್ಷ ಇದೇ ಪತ್ರ ಬರೆಯುತ್ತೀರಿ. ಈಗ ಮಾಡಬೇಕಾದದ್ದು ಗೀಸರಿಗೆ ಪ್ರತ್ಯೇಕ ಲೈನ್. ಮೀಟರ್ ಬೋರ್ಡಿನಿಂದ ನೇರ ಬಚ್ಚಲಿಗೆ, 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ಜೊತೆಗೆ ಹಸಿರು ಅರ್ಥ್ ವೈರ್, ಗೋಡೆ ಕೊರೆಯದೆ ಮೇಲೆಯೇ ಓಡುವ ಪಿವಿಸಿ ಪೈಪಿನಲ್ಲಿ. ಚಂದ ಕಾಣಲ್ಲ, ನಿಜ. ಆದರೆ ಮಣ್ಣಿನ ಗಾರೆಯ ಗೋಡೆಗೆ ಉಳಿ ಬಿದ್ದರೆ ಅಂಗೈ ಅಗಲ ಉದುರುತ್ತದೆ. ಆ ಲೈನಿಗೇ ಒಂದು ಆರ್‌ಸಿಬಿಒ ಹಾಕಿಸಿ. ಟ್ರಿಪ್ ಸ್ವಿಚ್ಚೂ ಎಂಸಿಬಿಯೂ ಒಂದರಲ್ಲೇ ಇರುತ್ತದೆ. ಆಗ ಗೀಸರ್ ಕೆಟ್ಟರೆ ಗೀಸರ್ ಮಾತ್ರ ಹೋಗುತ್ತದೆ, ರಾತ್ರಿ ಮನೆಯಿಡೀ ಕತ್ತಲಾಗುವುದಿಲ್ಲ. ಮನೆಯ ಹಳೇ ಟ್ರಿಪ್ ಸ್ವಿಚ್ಚನ್ನೂ ಮತ್ತೆ ಲೈನಿಗೆ ಸೇರಿಸಬೇಕು. ಅದರ ಮೇಲಿನ ಟೆಸ್ಟ್ ಬಟನ್ ಒತ್ತಿದರೆ ಬೀಳಬೇಕು. ಬೀಳದಿದ್ದರೆ ಮಾತ್ರ ಅದು ಹಾಳು, ಹೊಸದು ಹಾಕಿಸಿ.

ಅರ್ಥಿಂಗ್ ಹೊಸದೇ ಬೇಕು. ಎರಡೂವರೆ ಮೀಟರ್ ಉದ್ದದ ಜಿಐ ಪೈಪು ನೆಲಕ್ಕೆ ಇಳಿಯಬೇಕು. ಆದರೆ ಮಡಿಕೇರಿಯಲ್ಲಿ ಮನೆ ಹಿಂದೆ ಜಾಗ ಅಂದರೆ ಸಾಮಾನ್ಯವಾಗಿ ಬರೆ, ಕಡಿದಾದ ಮಣ್ಣಿನ ದಿಬ್ಬ. ಈ ಮಳೆಯಲ್ಲಿ ಬರೆಯ ಬುಡದಲ್ಲೋ ಅಂಚಿನಲ್ಲೋ ಗುಂಡಿ ತೆಗೆಯಬೇಡಿ. 2018ರ ಭೂಕುಸಿತ ನೋಡಿದ ನಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಮನೆಯ ಮುಂದೆ ಸಮತಟ್ಟು ಇರುವ ಕಡೆ ರಾಡ್ ಹೊಡೆಸಿ. ಮಳೆಯಲ್ಲಿ ಅಳೆದರೆ ಯಾವ ಅರ್ಥಿಂಗೂ ಚೆನ್ನಾಗಿಯೇ ತೋರಿಸುತ್ತದೆ, ನೆಲ ನೆನೆದಿರುತ್ತದಲ್ಲ. ಮಾರ್ಚ್‌ನಲ್ಲಿ ಇನ್ನೊಮ್ಮೆ ಅಳೆಸಿ, ಆಗ ನಿಜ ಗೊತ್ತಾಗುತ್ತದೆ.

ಗೀಸರ್ ಹೊಸದಾ, ಹಳೆಯದಾ? ಆನೋಡ್ ಕಡ್ಡಿಯ ಉತ್ತರ ಬಂದ ಮೇಲೆ ತೀರ್ಮಾನಿಸಿ. ಟ್ಯಾಂಕು ಗಟ್ಟಿ ಇದ್ದರೆ ಮೆಗ್ಗರ್ ನೋಡಿದ ಕಾಯಿಲ್, ಹೊಸ ಗ್ಯಾಸ್ಕೆಟ್, ಹೊಸ ಕಡ್ಡಿ ಹಾಕಿಸಿದರೆ ಇನ್ನಷ್ಟು ವರ್ಷ ಓಡಬಹುದು. ಬಿಸಿನೀರು ಕೆಂಪಗೆ ಬರುತ್ತಿದ್ದರೆ ಕೈಬಿಡಿ. ಮಳೆಗಾಲದಲ್ಲಿ ತಣ್ಣೀರೂ ಕೆಸರು ಬಣ್ಣಕ್ಕೆ ಬರುವುದುಂಟು, ಆದ್ದರಿಂದ ಎರಡನ್ನೂ ಲೋಟದಲ್ಲಿ ಹಿಡಿದು ಪಕ್ಕ ಪಕ್ಕ ನೋಡಿ. ಸುರಕ್ಷತಾ ವಾಲ್ವಿನಿಂದ ಕಾಯುವಾಗ ಒಂದೆರಡು ಹನಿ ಬಿದ್ದರೆ ಅದು ರೋಗವಲ್ಲ. ಯಾರಾದರೂ ಅದಕ್ಕೆ ಮೊಳೆ ಹೊಡೆದು ಮುಚ್ಚಿದರೆ ಅದು ರೋಗ.

ರಿಪೇರಿಗೆ ಜನ ಸಿಗದಿರುವುದು ನಿಮ್ಮೊಬ್ಬರ ಗೋಳಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಊರಿನ ಒಳ್ಳೇ ಎಲೆಕ್ಟ್ರಿಷಿಯನ್ ಎಲ್ಲ ಎಸ್ಟೇಟು, ಹೋಂಸ್ಟೇಗಳಲ್ಲಿ ಸಿಕ್ಕಿಹಾಕಿಕೊಂಡಿರುತ್ತಾರೆ. (ಹೋಂಸ್ಟೇಯವರಿಗೆ ಫೋಟೋಗೆ ಫೈರ್‌ಪ್ಲೇಸ್ ಬೇಕು, ಸ್ನಾನಕ್ಕೆ ಹತ್ತು ಗೀಸರ್ ಬೇಕು.) ಫೋನಿನಲ್ಲಿ 'ಗೀಸರ್ ಕೆಟ್ಟಿದೆ' ಅಂದರೆ ನಾಳೆ ಅಂತಾರೆ. 'ಟ್ರಿಪ್ ಸ್ವಿಚ್ ಬೈಪಾಸ್ ಆಗಿದೆ, ನಲ್ಲಿಯಲ್ಲಿ ಶಾಕ್ ಬರುತ್ತಿದೆ, ಮನೆಯಲ್ಲಿ ವಯಸ್ಸಾದವರಿದ್ದಾರೆ' ಅನ್ನಿ. ಕೆಲಸ ಗೊತ್ತಿರುವವರಿಗೆ ಆ ವಾಕ್ಯ ಸಾಕು. ಬರುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಮೆಗ್ಗರ್ ತರುತ್ತೀರಾ? ಇಲ್ಲ, ಟೆಸ್ಟರ್ ಸಾಕು ಅಂದವರಿಗೆ ನಮಸ್ಕಾರ ಹೇಳಿ. ಬಂದವರು ಕಾಯಿಲ್ ಒಂದು ಮೆಗಾ ಓಮ್‌ಗಿಂತ ಕೆಳಗೆ ತೋರಿಸುತ್ತಿದೆ ಅಂದರೆ ಅದನ್ನು ನಂಬಬಹುದು. ತೆಗೆದ ಹಳೇ ಕಾಯಿಲನ್ನು ಕೇಳಿ ಇಟ್ಟುಕೊಳ್ಳಿ.

ಕಂಪನಿಯವರ ವಿಷಯಕ್ಕೆ ಬಂದರೆ, ಮೈಸೂರಿನಿಂದ 120 ಕಿಲೋಮೀಟರ್ ಒಂದು ಮನೆಗೋಸ್ಕರ ಅವರು ಹತ್ತಿ ಬರಲ್ಲ. ನಿಮ್ಮ ಬೀದಿಯಲ್ಲೇ ಅದೇ ಕಂಪನಿಯ ಗೀಸರ್ ಇನ್ನೂ ನಾಲ್ಕು ಮನೆಯಲ್ಲಿ ಇರುತ್ತದೆ. ಎಲ್ಲರೂ ಒಂದೇ ದಿನ ದೂರು ದಾಖಲಿಸಿ, ನಂಬರ್‌ಗಳನ್ನು ಒಟ್ಟಿಗೆ ಕೊಡಿ. ಇಲ್ಲವೇ ಸ್ಟಿಕರಿನ ಫೋಟೋ ಕಳಿಸಿ ಬಿಡಿಭಾಗ ಮಾತ್ರ ತರಿಸಿ, ಇಲ್ಲಿನವರಿಂದ ಹಾಕಿಸಿ. ವಾರಂಟಿ ಇದ್ದರೆ ಹಾಗೆ ಮಾಡುವ ಮುಂಚೆ ಅವರಿಂದ ಒಂದು ಮೆಸೇಜಿನಲ್ಲಾದರೂ ಒಪ್ಪಿಗೆ ತೆಗೆದುಕೊಳ್ಳಿ. ಮತ್ತೆ, ಕಸ್ಟಮರ್ ಕೇರ್ ನಂಬರನ್ನು ಗೀಸರ್ ಮೇಲಿನ ಸ್ಟಿಕರಿನಿಂದಲೋ ಕಾರ್ಡಿನಿಂದಲೋ ನೋಡಿ ಹಾಕಿ. ಸುಮ್ನೆ ಹುಡುಕಿದರೆ ಸಿಗುವ ನಂಬರಿನಲ್ಲಿ ಮೋಸದವರೂ ಇದ್ದಾರೆ. 'ಬುಕಿಂಗಿಗೆ 10 ರೂಪಾಯಿ ಕಳಿಸಿ, ಈ ಆ್ಯಪ್ ಹಾಕಿಕೊಳ್ಳಿ' ಅಂದ ತಕ್ಷಣ ಇಟ್ಟುಬಿಡಿ.

ಅತ್ತೆಯವರ ಚಳಿ ಉಳಿಯಿತು. ಬಾಣಲೆ ಕಸಿದುಕೊಂಡು ಬೇರೇನೂ ಕೊಡದಿದ್ದರೆ ನಾಳೆ ರಾತ್ರಿ ಅದು ವಾಪಸ್ ಬರುತ್ತದೆ. ರೂಮ್ ಹೀಟರ್ 2000 ವಾಟ್ ಅಂದರೆ 9 ಆಂಪಿಯರ್ ಹತ್ತಿರ ಎಳೆಯುತ್ತದೆ. ಎಕ್ಸ್‌ಟೆನ್ಷನ್ ಬಾಕ್ಸ್ 6 ಆಂಪಿಯರಿನದು, ಕರಗದೆ ಇನ್ನೇನು. ಅದಕ್ಕೆ 16 ಆಂಪಿಯರಿನ ಸಾಕೆಟ್ ಬೇಕು, ಅದಕ್ಕೆ ದಪ್ಪ ವೈರ್ ಬೇಕು. ಅಷ್ಟೆಲ್ಲ ಮಾಡಿದರೂ ಬಿಸಿ ಗಾಳಿ ಮೇಲೆ ಹೋಗಿ ಸೀಲಿಂಗಿನ ಹತ್ತಿರ ನಿಲ್ಲುತ್ತದೆ. ಕೋಣೆ ಕಾಯಿಸುವುದಕ್ಕಿಂತ ಹಾಸಿಗೆ ಕಾಯಿಸುವುದು ವಾಸಿ. ಐಎಸ್‌ಐ ಗುರುತಿನ ಎಲೆಕ್ಟ್ರಿಕ್ ಬ್ಲಾಂಕೆಟ್ ನೂರು ವಾಟಿನ ಆಸುಪಾಸಿನಲ್ಲಿ ಮುಗಿಯುತ್ತದೆ, ಹಳೇ ವೈರಿಂಗಿಗೂ ಭಾರವಲ್ಲ. ಮಡಚಿ ಇಡಬಾರದು, ಒದ್ದೆ ಆಗಬಾರದು, ಮಲಗುವ ಮುಂಚೆ ಅರ್ಧ ಗಂಟೆ ಹಾಕಿ ಹಾಸಿಗೆ ಬಿಸಿಯಾದ ಮೇಲೆ ಆಫ್ ಮಾಡಿ. ಇದೂ ಟ್ರಿಪ್ ಸ್ವಿಚ್ ಮತ್ತೆ ಸೇರಿದ ಮೇಲೆಯೇ. ಅಲ್ಲಿಯವರೆಗೆ ಬಟ್ಟೆ ಸುತ್ತಿದ ಬಿಸಿನೀರಿನ ಚೀಲ, ಮೇಲೆ ಕಂಬಳಿ. ಶುಗರ್ ಇದ್ದು ಪಾದಕ್ಕೆ ಸ್ಪರ್ಶ ಕಡಿಮೆಯಿದ್ದರೆ ಬ್ಲಾಂಕೆಟ್ಟೂ ಚೀಲವೂ ಸುಟ್ಟದ್ದು ಗೊತ್ತಾಗುವುದಿಲ್ಲ, ನೀವೇ ಕೈಯಿಟ್ಟು ನೋಡಬೇಕು. ಒದ್ದೆ ಬಟ್ಟೆಯನ್ನು ಹೀಟರಿನ ಮೇಲೆ ಹರವುವ ಅಭ್ಯಾಸ ನಿಮ್ಮಲ್ಲಿ ಇಲ್ಲ ಅಂದುಕೊಳ್ಳುತ್ತೇನೆ.

ಅವರು ಕೆಂಡ ಬಿಡಲ್ಲ ಅಂತ ಹಟ ಮಾಡಿದರೆ, ಸಂಜೆ ಅಡುಗೆಮನೆಯಲ್ಲೋ ಜಗಲಿಯಲ್ಲೋ ಬಾಗಿಲು ತೆರೆದಿಟ್ಟು, ಯಾರಾದರೂ ಎಚ್ಚರ ಇರುವಾಗ ಕೂತು ಕಾಯಿಸಿಕೊಳ್ಳಲಿ. ಮಲಗುವಾಗ ಬಾಣಲೆ ಹೊರಗೆ ಹೋಗಬೇಕು. ಬೂದಿ ಮುಚ್ಚಿದರೆ ಆರಿತು ಅಂತಲ್ಲ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಆನ್‌ಲೈನ್‌ನಲ್ಲಿ ಸಿಗುತ್ತದೆ, ಬ್ಯಾಟರಿಯದು ತರಿಸಿ ಅವರ ಕೋಣೆಯಲ್ಲಿ ಇಡಿ.

ಕೊನೆಯದಾಗಿ ಒಂದು ಕಾಗದದ ಕೆಲಸ. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಅಂತ ನೋಡಿ. ಹಳೇ ಮನೆಗಳಲ್ಲಿ ಅದು 1 ಕಿಲೋವ್ಯಾಟ್ ಅಂತಲೇ ಇರುವುದುಂಟು, ಗೀಸರ್ ಒಂದೇ 2. ಜಾಸ್ತಿ ಮಾಡಿಸಿದರೆ ತಿಂಗಳ ನಿಗದಿತ ಶುಲ್ಕ ಸ್ವಲ್ಪ ಏರುತ್ತದೆ. ಆರ್‌ಆರ್ ನಂಬರ್ ಇನ್ನೂ ಮಾವನವರ ತಂದೆಯ ಹೆಸರಿನಲ್ಲೇ ಇದ್ದರೆ ಮೊದಲು ಹೆಸರು ಬದಲಾವಣೆ, ಆಮೇಲೆ ಲೋಡ್. ಅದಕ್ಕೆ ಯಾವ ದಾಖಲೆ ಬೇಕು ಅಂತ ಚೆಸ್ಕಾಂ ಕಚೇರಿಯಲ್ಲಿ ಈಗಲೇ ಕೇಳಿ ಇಟ್ಟುಕೊಳ್ಳಿ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ಅರ್ಜಿ ಹಾಕಿದರೆ, ಹುತ್ತರಿ ಮುಗಿದು ಗೋಡೆ ಒಣಗುವ ಹೊತ್ತಿಗೆ ಮೂರನೆಯವರನ್ನು ಕರೆದು ಮನೆಯ ಉಳಿದ ವೈರಿಂಗ್ ಶುರು ಮಾಡಿಸಬಹುದು. ಆಗ ಹಳೇ ವೈರನ್ನು ಬೋರ್ಡಿನ ಹಿಂದೆ ಬೆರಳಲ್ಲಿ ಬಗ್ಗಿಸಿ ನೋಡಲು ಹೇಳಿ. ಮೇಲಿನ ರಬ್ಬರ್ ಪುಡಿಪುಡಿ ಉದುರಿದರೆ ಎಲ್ಲವನ್ನೂ ಬದಲಿಸಿ, ಬಳುಕಿದರೆ ಅಡುಗೆಮನೆ ಮತ್ತು ಹೊರಗಿನ ಲೈನ್ ಮೊದಲು ಮಾಡಿಸಿ, ಮಿಕ್ಕಿದ್ದಕ್ಕೆ ಮುಂದಿನ ವರ್ಷ ಇದೆ.